ಕಲ್ಲಿನ ವಯಸ್ಸು ಬೇರೆ, ಬೆಟ್ಟದ ವಯಸ್ಸು ಬೇರೆ

ದಸರಾ ರಜೆಯಲ್ಲೋ ಡಿಸೆಂಬರಿನ ಚಳಿಯಲ್ಲೋ ಹಂಪಿಯ ಕಡೆ ಕಾರು ತಿರುಗಿಸಿದವರ ಕಣ್ಣಿಗೆ ಗೋಪುರಗಳಿಗಿಂತ ಮೊದಲು ಬೀಳುವುದು ಬಂಡೆಗಳು. ಹೊಸಪೇಟೆ ದಾಟಿದ್ದೇ ತಡ, ಆನೆಯಷ್ಟು, ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಕೂತು ಬೆಟ್ಟವಾಗಿ ನಿಂತಿರುತ್ತವೆ. ಕೆಲವಕ್ಕೆ ಅಂಗೈಯಗಲದ ಆಸರೆಯಷ್ಟೇ ಇದೆ. ಇವನ್ನು ಹೀಗೆ ಪೇರಿಸಿದವರು ಯಾರು ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. ಊರಿನವರ ಕಥೆಯಲ್ಲಿ ಇದು ಕಿಷ್ಕಿಂಧೆ. ವಾಲಿ ಸುಗ್ರೀವರು ಕಾದಾಡುವಾಗ ಕಿತ್ತೆಸೆದ ಕಲ್ಲುಗಳಿವು. ಆ ಕಥೆಯ ಚೆಲುವಿನೊಂದಿಗೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ವಿಜ್ಞಾನದ ಹೆಸರಿನಲ್ಲಿ ಓಡಾಡುವ ಎರಡು ಮಾತುಗಳ ಬಗ್ಗೆ. ಒಂದು, ಈ ಬೆಟ್ಟಗಳಿಗೆ 250 ಕೋಟಿ ವರ್ಷ ವಯಸ್ಸು, ಹಿಮಾಲಯ ಇವುಗಳ ಮುಂದೆ ಹಸುಗೂಸು ಎಂಬುದು. ಇನ್ನೊಂದು, ಯಾವುದೋ ಭೂಕಂಪವೋ ಜ್ವಾಲಾಮುಖಿಯೋ ಬಂಡೆಗಳನ್ನು ಹೀಗೆ ಎತ್ತಿ ಎಸೆದಿದೆ ಎಂಬುದು. ಮೊದಲನೆಯದು ಕಲ್ಲಿನ ವಯಸ್ಸನ್ನು ಬೆಟ್ಟಕ್ಕೆ ಅಂಟಿಸುತ್ತದೆ. ಎರಡನೆಯದು ನೆಲದೊಳಗೆ ಸದ್ದಿಲ್ಲದೆ ನಡೆದ ಕೆಲಸವನ್ನು ಗದ್ದಲದ ಲೆಕ್ಕಕ್ಕೆ ಬರೆಯುತ್ತದೆ. ಈ ಬೆಟ್ಟಗಳನ್ನು ಯಾರೂ ಪೇರಿಸಲಿಲ್ಲ. ಇವು ಮಣ್ಣಿನಡಿಯ ಕತ್ತಲಲ್ಲಿ ರೂಪುಗೊಂಡು, ಸುತ್ತಲಿನದು ಕೊಚ್ಚಿಹೋದ ಮೇಲೆ ಬಯಲಿಗೆ ಬಂದವು.

ಕಲ್ಲಿನಿಂದಲೇ ಶುರುಮಾಡೋಣ. ಹಂಪಿಯ ಬಂಡೆಯೂ ರಾಮನಗರದ ಬಂಡೆಯೂ ಒಂದೇ ಪಟ್ಟಿಗೆ ಸೇರಿದವು. ದಕ್ಷಿಣದಲ್ಲಿ ಕನಕಪುರದ ಆಚೆಯಿಂದ ಉತ್ತರದಲ್ಲಿ ತುಂಗಭದ್ರೆ ದಾಟಿ ಗಂಗಾವತಿಯವರೆಗೆ, ಸುಮಾರು 400 ಕಿಲೋಮೀಟರ್ ಉದ್ದಕ್ಕೆ, ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಅಗಲದಲ್ಲಿ ಈ ಗುಲಾಬಿ-ಬೂದು ಗ್ರಾನೈಟ್ ಚಾಚಿಕೊಂಡಿದೆ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರು ಒಂದು ಕಾಲಕ್ಕೆ ರಾಮನಗರಕ್ಕಿತ್ತು. ಊರು ಆ ಹೆಸರನ್ನು ಬಿಟ್ಟರೂ ಕಲ್ಲು ಬಿಡಲಿಲ್ಲ. ನಕ್ಷೆಯಲ್ಲಿ ಈ ಪಟ್ಟಿಯ ಮೇಲೆ ಬೆರಳಾಡಿಸಿದರೆ ಒಂದು ಸ್ವಾರಸ್ಯ ಕಾಣುತ್ತದೆ: ಕಬ್ಬಾಳದುರ್ಗ, ಸಾವನದುರ್ಗ, ಮಧುಗಿರಿ, ಪಾವಗಡ, ಆಂಧ್ರಕ್ಕೆ ಸೇರಿದ ಕಲ್ಯಾಣದುರ್ಗ, ರಾಯದುರ್ಗ, ಕೊನೆಗೆ ಆನೆಗೊಂದಿ. ಪಾಳೆಯಗಾರರೂ ಅರಸರೂ ಕೋಟೆಗೆಂದು ಆರಿಸಿಕೊಂಡ ಜಾಗಗಳ ಸಾಲನ್ನು ಜೋಡಿಸಿದರೆ ಗ್ರಾನೈಟ್ ಪಟ್ಟಿಯ ನಕ್ಷೆಯೇ ಸಿಕ್ಕಂತಾಗುತ್ತದೆ.

ಈ ಕಲ್ಲಿನ ವಯಸ್ಸು 250 ಕೋಟಿ ವರ್ಷಕ್ಕೆ ತುಸು ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಗ್ರಾನೈಟಿನಲ್ಲಿ ಹುದುಗಿರುವ ಜಿರ್ಕಾನ್ ಎಂಬ ಸಣ್ಣ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದು ಪಡೆದ ಲೆಕ್ಕ ಅದು, ಗಟ್ಟಿಯಾದ ಲೆಕ್ಕ. ಆದರೆ ಆ ಗಡಿಯಾರ ಓಡಲು ಶುರುವಾದದ್ದು ಕರಗಿದ ಶಿಲಾರಸ ಹರಳುಗಟ್ಟಿದ ಗಳಿಗೆಯಿಂದ. ಹರಳುಗಟ್ಟಿದ ಜಾಗ ಎಲ್ಲಿತ್ತು? ಉತ್ತರ ಕಲ್ಲಿನ ಮೈಮೇಲೇ ಇದೆ. ರಾಮನಗರದ ಬಳಿ ರಸ್ತೆಗಾಗಿ ಸೀಳಿದ ಬಂಡೆಯಲ್ಲಿ ಹೆಬ್ಬೆರಳಿನುದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಕಾಣುತ್ತವೆ. ಹೊರಗಾಳಿಗೆ ಬಂದು ಬೇಗ ಆರಿದ ಶಿಲಾರಸದಲ್ಲಿ ಹರಳು ಬೆಳೆಯಲು ಪುರಸೊತ್ತು ಸಿಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹೆಪ್ಪುಗಟ್ಟಿ ಅದು ಕಪ್ಪು ಬಸಾಲ್ಟಿನಂಥ ಕಲ್ಲಾಗುತ್ತದೆ. ಹರಳು ಹೆಬ್ಬೆರಳಷ್ಟು ಬೆಳೆಯಬೇಕಾದರೆ ಶಿಲಾರಸ ತುಂಬ ನಿಧಾನವಾಗಿ ತಣಿಯಬೇಕು, ಅದಕ್ಕೆ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹೊದಿಕೆ ಬೇಕು. ಅದೇ ಬಂಡೆಯಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡಿರುವ ಬೂದುಬಣ್ಣದ ಪಟ್ಟೆಕಲ್ಲಿನ ತುಂಡುಗಳನ್ನೂ ಗಮನಿಸಬೇಕು. ಅವು ಶಿಲಾರಸ ಮೇಲೇರುವಾಗ ದಾರಿಯ ಗೋಡೆಯಿಂದ ಕಿತ್ತು ನುಂಗಿದ ಇನ್ನೂ ಹಳೆಯ ನೈಸ್ ಶಿಲೆಯ ಚೂರುಗಳು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದೇ ನೈಸ್ ಬಳಗದ್ದು, ಸುಮಾರು 300 ಕೋಟಿ ವರ್ಷ ಹಳೆಯದು.

ಎಷ್ಟು ಆಳ ಎಂಬುದಕ್ಕೂ ಸಾಕ್ಷಿಯಿದೆ, ಅದರ ಹಿಂದೆ ನಮ್ಮ ನೆಲದ ದೊಡ್ಡ ಸಂಶೋಧನೆಯೊಂದಿದೆ. ಕೋಲ್ಕತ್ತದಲ್ಲಿ ಜಾಬ್ ಚಾರ್ನಾಕ್‌ನ ಸಮಾಧಿಗೆ ಹಾಕಿದ್ದ ಕಲ್ಲನ್ನು ಪರೀಕ್ಷಿಸಿದ ಥಾಮಸ್ ಹಾಲೆಂಡ್ 1893ರಲ್ಲಿ ಅಂಥ ಶಿಲೆಗೆ ಚಾರ್ನಾಕೈಟ್ ಎಂದು ಹೆಸರಿಟ್ಟ. ಭೂಕವಚದ ತುಂಬ ಆಳದಲ್ಲಿ, ಭಾರಿ ಒತ್ತಡ ಮತ್ತು ಬಿಸಿಯಲ್ಲಿ ಮಾತ್ರ ಮೂಡುವ ಜಿಡ್ಡುಹೊಳಪಿನ ಕಡುಬಣ್ಣದ ಕಲ್ಲು ಅದು. ಕನಕಪುರ ತಾಲ್ಲೂಕಿನ ಕಬ್ಬಾಳದ ಕಲ್ಲುಕ್ವಾರಿಯಲ್ಲಿ ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಬೂದು ನೈಸ್ ಶಿಲೆಯ ಮೈಯಲ್ಲೇ ಚಾರ್ನಾಕೈಟಿನ ಕಪ್ಪು ತೇಪೆಗಳು ಹರಡಿರುವುದನ್ನು ಕಂಡರು. ಒಂದು ಕಲ್ಲು ಇನ್ನೊಂದಾಗಿ ಮಾರ್ಪಡುತ್ತಿದ್ದಾಗ ಆ ಕೆಲಸ ಅರ್ಧಕ್ಕೆ ನಿಂತುಹೋದ ಸ್ಥಿತಿ ಅದು. 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಕಬ್ಬಾಳ ಜಗತ್ತಿನ ಭೂವಿಜ್ಞಾನಿಗಳಿಗೆ ಯಾತ್ರಾಸ್ಥಳವಾಯಿತು. ಅಲ್ಲಿನ ಖನಿಜಗಳು ಹೇಳುವ ಆಳ ಸುಮಾರು 20 ಕಿಲೋಮೀಟರ್. ಉತ್ತರಕ್ಕೆ ಹೋದಂತೆ ಆಳ ಕಡಿಮೆಯಾಗುತ್ತ ಹಂಪಿಯ ಹೊತ್ತಿಗೆ ಸುಮಾರು ಅದರ ಅರ್ಧವಾಗುತ್ತದೆ. ಇಡೀ ಭೂಕವಚ ದಕ್ಷಿಣದಲ್ಲಿ ಮೇಲೆದ್ದು ಓರೆಯಾಗಿದೆ, ಸವೆತ ಅದರ ತಲೆಯನ್ನು ಮಟ್ಟಸವಾಗಿ ಸವರಿಹಾಕಿದೆ. ಕನಕಪುರದಿಂದ ಹಂಪಿಗೆ ಹೊರಟ ಪ್ರಯಾಣಿಕರು ತಮಗೆ ಗೊತ್ತಿಲ್ಲದೆಯೇ ಆ ಪುರಾತನ ಭೂಕವಚದ ನೆಲಮಾಳಿಗೆಯಿಂದ ಮಧ್ಯದ ಅಂತಸ್ತಿನವರೆಗೆ ಹತ್ತಿಬರುತ್ತಾರೆ.

ಇಲ್ಲಿಂದ ಮುಂದಿನದು ಸರಳ ಗಣಿತ. ಹಂಪಿಯ ಕಲ್ಲು ಹುಟ್ಟಿದಾಗ ಅದರ ಮೇಲೆ 10 ಕಿಲೋಮೀಟರ್ ಶಿಲೆ ಇತ್ತು. ಹಾಗಾಗಿ ಕಲ್ಲು ಹುಟ್ಟಿದ ದಿನ ಬೆಟ್ಟ ಇರಲು ಸಾಧ್ಯವೇ ಇಲ್ಲ. ಹತ್ತು ಕಿಲೋಮೀಟರನ್ನು 250 ಕೋಟಿ ವರ್ಷಕ್ಕೆ ಹಂಚಿದರೆ ಹತ್ತು ಲಕ್ಷ ವರ್ಷಕ್ಕೆ ಸರಾಸರಿ 4 ಮೀಟರ್ ಸವೆತ. ಆ ವೇಗದಲ್ಲಿ 200 ಮೀಟರ್ ಎತ್ತರದ ಗುಡ್ಡ 5 ಕೋಟಿ ವರ್ಷದಲ್ಲಿ ಮಾಯವಾಗಬೇಕು. ಸರಾಸರಿ ಎಂಬುದು ಮೋಸಮಾಡುವ ಸಂಖ್ಯೆ ಎಂದು ಇದಕ್ಕೆ ಆಕ್ಷೇಪ ಎತ್ತಬಹುದು, ಆ ಆಕ್ಷೇಪದಲ್ಲಿ ತೂಕವಿದೆ. ಬಾಗಲಕೋಟೆ ಸುತ್ತಿನ ಕಲಾದಗಿ ಶಿಲಾಪದರಗಳು 100 ಕೋಟಿ ವರ್ಷಕ್ಕೂ ಹಳೆಯವು. ಅವು ಕೂತಿರುವುದು ಅದಾಗಲೇ ಸವೆದು ಬಯಲಾಗಿದ್ದ ನೈಸ್ ಮತ್ತು ಗ್ರಾನೈಟ್ ನೆಲದ ಮೇಲೆ. ಅಂದರೆ ಸವೆತದ ದೊಡ್ಡ ಪಾಲು ಬಹಳ ಹಿಂದೆಯೇ ಮುಗಿದಿತ್ತು, ಆಮೇಲಿನದು ನಿಧಾನದ ಕೆಲಸ ಎಂದಾಯಿತು. ಸರಿ, ಎಷ್ಟು ನಿಧಾನ ಎಂದಿಟ್ಟುಕೊಳ್ಳೋಣ? ಜಗತ್ತಿನಲ್ಲಿ ಅಳೆದ ಅತಿ ಮಂದ ಸವೆತಗಳಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಐರ್ ಪರ್ಯಾಯದ್ವೀಪದ ಬೋಳು ಗ್ರಾನೈಟ್ ಗುಡ್ಡಗಳದ್ದೂ ಒಂದು: ಹತ್ತು ಲಕ್ಷ ವರ್ಷಕ್ಕೆ ಅರ್ಧ ಮೀಟರ್ ಆಸುಪಾಸು. ಅದೇ ವೇಗವನ್ನು ಹಂಪಿಗೂ ಒಪ್ಪಿಕೊಂಡು 100 ಕೋಟಿ ವರ್ಷಕ್ಕೆ ಗುಣಿಸಿದರೂ 500 ಮೀಟರ್ ಹೋಗಿರುತ್ತದೆ. ಹಂಪಿಯ ಯಾವ ಗುಡ್ಡವೂ ಸುತ್ತಲಿನ ಬಯಲಿನಿಂದ ಅಷ್ಟು ಎತ್ತರವಿಲ್ಲ. ಲೆಕ್ಕವನ್ನು ಎಷ್ಟು ಉದಾರವಾಗಿ ಹಾಕಿದರೂ ನಾವು ಕಾಣುವ ಮತಂಗ ಬೆಟ್ಟದ ತುದಿ ಆ ಕಾಲದ ಬೆಟ್ಟದ ತುದಿಯಲ್ಲ.

ಇನ್ನು ಗುಂಡುಗಳ ಮಾತು. ಮೇಲಿನ ಹೊರೆ ಇಳಿದಂತೆ ಗ್ರಾನೈಟ್ ಹಿಗ್ಗುತ್ತದೆ, ಹಿಗ್ಗುವಾಗ ಸೀಳುತ್ತದೆ. ಸೀಳುಗಳು ಅಡ್ಡಾದಿಡ್ಡಿ ಬೀಳುವುದಿಲ್ಲ. ಬಹುತೇಕ ಎರಡು ನಿಲುವು ದಿಕ್ಕುಗಳಲ್ಲಿ, ಒಂದು ಮಲಗಿದ ದಿಕ್ಕಿನಲ್ಲಿ ಹಾಯ್ದು ಬಂಡೆಯನ್ನು ದೊಡ್ಡ ದೊಡ್ಡ ಇಟ್ಟಿಗೆಗಳಾಗಿ ಗೀರುತ್ತವೆ. ಆ ಕೂದಲೆಳೆ ಸೀಳುಗಳಲ್ಲಿ ಮಳೆನೀರು ಇಳಿಯುತ್ತದೆ. ಮಣ್ಣಿನ ಬೇರು-ಕೊಳೆತಗಳ ನಡುವೆ ಹಾದುಬಂದ ನೀರು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗಿರುತ್ತದೆ. ಅದು ಫೆಲ್ಡ್‌ಸ್ಪಾರನ್ನು ಜೇಡಿಯಾಗಿಸುತ್ತದೆ, ಕಪ್ಪು ಅಭ್ರಕವನ್ನು ಉಬ್ಬಿಸುತ್ತದೆ. ಬೆಣಚುಕಲ್ಲಿನ ಕಣ ಮಾತ್ರ ಜಗ್ಗುವುದಿಲ್ಲ. ಹಿಡಿದಿಟ್ಟವರೆಲ್ಲ ಕೈಬಿಟ್ಟ ಮೇಲೆ ಮರಳಾಗಿ ಉದುರುತ್ತದೆ. ಇಟ್ಟಿಗೆ ಗುಂಡಾಗುವುದು ಹೇಗೆಂದು ನೋಡಬೇಕಾದರೆ ಅಡುಗೆಮನೆಗೆ ಹೋದರೆ ಸಾಕು. ಹೂರಣಕ್ಕೆಂದು ಚೌಕಾಕಾರದ ಅಚ್ಚುಬೆಲ್ಲವನ್ನು ನೀರಿಗೆ ಹಾಕಿ ಕಲಕದೆ ಬಿಡಿ. ಸ್ವಲ್ಪ ಹೊತ್ತಿಗೆ ಅಚ್ಚಿನ ಮೂಲೆಗಳು ಹೋಗಿರುತ್ತವೆ, ಆಮೇಲೆ ಅಂಚುಗಳು, ಕೊನೆಗೆ ನಿಂಬೆಹಣ್ಣಿನಂಥ ಗುಂಡು ಉಳಿಯುತ್ತದೆ. ಸಮತಟ್ಟಾದ ಮುಖಕ್ಕೆ ನೀರು ಒಂದೇ ಕಡೆಯಿಂದ ತಾಗುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಹೀಗಾಗಿ ಚೌಕವಾಗಿದ್ದದ್ದು ಕರಗುತ್ತ ಕರಗುತ್ತ ತಾನಾಗಿಯೇ ದುಂಡಗಾಗುತ್ತದೆ. ಈಗ ಪಾತ್ರೆಯ ತುಂಬ ಅಚ್ಚುಗಳನ್ನು ಒತ್ತೊತ್ತಾಗಿ ಜೋಡಿಸಿ, ಸಂದುಗಳಲ್ಲಿ ಮಾತ್ರ ನೀರು ಇಳಿಯುತ್ತಿದೆ ಎಂದು ಊಹಿಸಿಕೊಳ್ಳಿ. ಪ್ರತಿಯೊಂದು ಅಚ್ಚೂ ತಾನು ಕೂತಲ್ಲೇ ಗುಂಡಾಗುತ್ತದೆ. ಬೆಲ್ಲಕ್ಕೂ ಬಂಡೆಗೂ ಒಂದು ವ್ಯತ್ಯಾಸವಿದೆ, ಅದೇ ಇಲ್ಲಿ ಮುಖ್ಯ: ಬೆಲ್ಲದ ಪಾಕ ಹರಿದುಹೋಗುತ್ತದೆ, ಕೊಳೆತ ಗ್ರಾನೈಟ್ ಗರಸು ಮಣ್ಣಾಗಿ ಅಲ್ಲಲ್ಲೇ ನಿಲ್ಲುತ್ತದೆ. ಗುಂಡುಗಳು ಆ ಗರಸಿನಲ್ಲಿ ಹುದುಗಿಕೊಂಡು ಕಾಯುತ್ತವೆ. ಮುಂದೆಂದೋ ನೆಲ ಮೇಲೆದ್ದು, ಹಳ್ಳಗಳು ಚುರುಕಾಗಿ ಗರಸನ್ನು ತೊಳೆದೊಯ್ದಾಗ ಗುಂಡುಗಳು ಅಲ್ಪಸ್ವಲ್ಪ ಜಾರಿ, ಒಂದರ ಮೇಲೊಂದು ಕೂತು ಹಂಪಿಯಾಗುತ್ತವೆ.

ಈ ತಿಳಿವಳಿಕೆ ಹುಟ್ಟಿದ್ದು ರಸ್ತೆ ಪಕ್ಕದಲ್ಲೇ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. ಫ್ರಾನ್ಸಿನ ದಕ್ಷಿಣದ ಗುಡ್ಡಗಾಡಿನಲ್ಲಿ ರಸ್ತೆಗಾಗಿ ಕಡಿದ ದಂಡೆಯೊಂದರಲ್ಲಿ, ಕೊಳೆತ ಗ್ರಾನೈಟಿನ ನಡುವೆ ಗಟ್ಟಿ ಗುಂಡುಗಳು ಹುದುಗಿರುವುದನ್ನು ಜಾನ್ ಆನ್ರಿ ಹಾಸೆನ್‌ಫ್ರಾಟ್ಸ್ ನೋಡಿದ. 1791ರಲ್ಲಿ, ಫ್ರಾನ್ಸಿನ ಕ್ರಾಂತಿಯ ಗದ್ದಲದ ನಡುವೆಯೇ, ಅದನ್ನು ಬರೆದೂ ಇಟ್ಟ. ಗುಂಡುಗಳು ಎಲ್ಲಿಂದಲೋ ಉರುಳಿಬಂದಿಲ್ಲ, ಇದ್ದಲ್ಲೇ ಉಳಿದ ತಿರುಳುಗಳು ಎಂಬುದು ಅವನಿಗೆ ಹೊಳೆದಿತ್ತು. 1814ರಲ್ಲಿ ಜಾನ್ ಮೆಕಲಕ್ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗ್ರಾನೈಟ್ ಗುಪ್ಪೆಗಳ ಬಗ್ಗೆ ಬರೆದ; ಸೀಳಿನಿಂದಾದ ಇಟ್ಟಿಗೆಗಳು ಸವೆದು ದುಂಡಗಾಗುವ ಮಾತು ಅಲ್ಲಿದೆ. ಆದರೂ ವಿಷಯ ಪಠ್ಯಪುಸ್ತಕ ಸೇರಲು 1955ರವರೆಗೆ ಕಾಯಬೇಕಾಯಿತು. ಆ ವರ್ಷ ಡೇವಿಡ್ ಲಿಂಟನ್ ಡಾರ್ಟ್‌ಮೂರಿನ ಬಂಡೆಗಳನ್ನು ಮುಂದಿಟ್ಟುಕೊಂಡು ಇದನ್ನು ಎರಡು ಹಂತವಾಗಿ ಬಿಡಿಸಿ ಹೇಳಿದ: ಮೊದಲು ನೆಲದಡಿಯಲ್ಲಿ ಕೊಳೆಯುವುದು, ಬಳಿಕ ಕೊಳೆತದ್ದು ತೊಳೆದುಹೋಗುವುದು. ಎರಡರ ನಡುವೆ ಕೋಟ್ಯಂತರ ವರ್ಷ ಕಳೆದಿರಬಹುದು. ಲಿಂಟನ್‌ಗೆ ಸಿಕ್ಕ ಹೆಸರು ಹಾಸೆನ್‌ಫ್ರಾಟ್ಸ್‌ಗೆ ಸಿಗಲಿಲ್ಲ. ಮೊದಲು ಕಂಡವನಿಗೆ ಇನ್ನಷ್ಟು ಗೌರವ ಸಲ್ಲಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಇದೆಲ್ಲ ಪರದೇಶದ ಪುಸ್ತಕದ ಮಾತಾಯಿತು, ನಮ್ಮ ನೆಲದಲ್ಲಿ ಪುರಾವೆ ಏನಿದೆ ಎಂದು ಕೇಳುವವರು ತುಮಕೂರು, ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ಕೊರೆಸಿದ ಯಾವ ರೈತರನ್ನಾದರೂ ವಿಚಾರಿಸಬಹುದು. ಮೇಲೆ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಗಟ್ಟಿ ಬಂಡೆ. ಗಟ್ಟಿ ಬಂಡೆ ತಾಗುವವರೆಗೆ ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸಬೇಕು. ಒಬ್ಬರ ಹೊಲದಲ್ಲಿ 20 ಅಡಿಗೇ ಬಂಡೆ ಸಿಕ್ಕರೆ ಪಕ್ಕದ ಹೊಲದಲ್ಲಿ 80 ಅಡಿ ಇಳಿದರೂ ಸಿಗದಿರಬಹುದು. ಒಮ್ಮೊಮ್ಮೆ ಬಂಡೆ ಸಿಕ್ಕಿತೆಂದುಕೊಂಡ ಮೇಲೆ ಮತ್ತೆ ಗರಸು ಬಂದು ಪೈಪಿನ ಖರ್ಚು ಏರುತ್ತದೆ. ಆ ನಡುವೆ ಸಿಕ್ಕಿದ್ದು ಗರಸಿನಲ್ಲಿ ತೇಲಿದಂತಿರುವ ಒಂದು ಗುಂಡು. ಮೇಲೆ ರಾಗಿ ಬೆಳೆಯುವ ಸಮತಟ್ಟು ಹೊಲ, ಕೆಳಗೆ ಏರಿಳಿತದ ಬಂಡೆಯ ನೆಲ: ಆ ಗರಸನ್ನೆಲ್ಲ ತೆಗೆದುಬಿಟ್ಟರೆ ಕಾಣುವುದು ಇನ್ನೊಂದು ಹಂಪಿ. ಹೆದ್ದಾರಿ ಅಗಲಮಾಡಲು ಗುಡ್ಡ ಕಡಿದ ಕಡೆಗಳಲ್ಲಿ ಇದನ್ನು ಕಾರಿನಿಂದಿಳಿದೇ ನೋಡಬಹುದು. ಕೆಂಪುಮಿಶ್ರಿತ ಗರಸಿನ ಗೋಡೆಯಲ್ಲಿ ಗುಂಡುಗಳು ಹುದುಗಿರುತ್ತವೆ, ಅವುಗಳ ಸುತ್ತ ಈರುಳ್ಳಿಯ ಸಿಪ್ಪೆಯಂಥ ಪದರಗಳಿರುತ್ತವೆ. ಇನ್ನೂ ಹತ್ತಿರದಿಂದ ನೋಡಿದರೆ ಬಿಳಿಯ ಬೆಣಚಿನ ಎಳೆಯೊಂದು ಗುಂಡಿನೊಳಗಿಂದ ಗರಸಿಗೆ, ಗರಸಿನಿಂದ ಇನ್ನೊಂದು ಗುಂಡಿಗೆ ತುಂಡಾಗದೆ ಹಾದುಹೋಗಿರುವುದು ಕಂಡೀತು. ಉರುಳಿಬಂದು ಗುಡ್ಡೆಬಿದ್ದ ಕಲ್ಲುಗಳಲ್ಲಿ ಇಂಥ ಎಳೆ ಕೂಡಿಕೊಳ್ಳಲು ಸಾಧ್ಯವಿಲ್ಲ. ಈ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ತೋರುವುದಿಲ್ಲ.

ಭೂಕಂಪದ ವಾದವನ್ನು ಈ ಎಳೆಯೇ ಬಹುಪಾಲು ಮುಗಿಸುತ್ತದೆ. ಅದಕ್ಕೂ ಮೀರಿ, ಭೂಕಂಪ ಬಂಡೆಗಳನ್ನು ಪೇರಿಸುವುದಿಲ್ಲ, ಪೇರಿದ್ದನ್ನು ಕೆಡವುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಬ್ರೂನ್ ಎಂಬ ಭೂಕಂಪ ವಿಜ್ಞಾನಿ 1990ರ ದಶಕದಲ್ಲಿ ಇದನ್ನೇ ಅಳತೆಗೋಲು ಮಾಡಿಕೊಂಡ. ಬೀಳುವಂತೆ ಕೂತ ಬಂಡೆಗಳು ಸಾವಿರಾರು ವರ್ಷ ಬೀಳದೆ ಉಳಿದಿದ್ದರೆ ಆ ಜಾಗದಲ್ಲಿ ಅಷ್ಟೂ ಕಾಲ ಜೋರಾದ ಕಂಪನ ಆಗಿಲ್ಲವೆಂದು ಅವನ ತರ್ಕ. ಹಾಗೆ ನೋಡಿದರೆ ಹಂಪಿಯಲ್ಲಿ ಅಂಗೈಯಗಲದ ಆಸರೆಯ ಮೇಲೆ ನಿಂತ ಪ್ರತಿಯೊಂದು ಗುಂಡೂ ಭೂಕಂಪದ ವಾದಕ್ಕೆ ಎದುರುಸಾಕ್ಷಿ. ಜ್ವಾಲಾಮುಖಿಯ ಮಾತು ಹೆಬ್ಬೆರಳುದ್ದದ ಹರಳುಗಳ ಮುಂದೆ ನಿಲ್ಲುವುದಿಲ್ಲ. ತುಂಗಭದ್ರೆ ಕಲ್ಲುಗಳನ್ನು ಉಜ್ಜಿ ಗುಂಡುಮಾಡಿತು ಎನ್ನುವವರು, ಅದೇ ಗುಂಡುಗಳು ನದಿ ಎಂದೂ ಮುಟ್ಟದ ಪಾವಗಡದ ನೆತ್ತಿಯ ಮೇಲೂ ಇವೆ ಎಂಬುದನ್ನು ಗಮನಿಸಬೇಕು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಬಂಡೆ ಕೊಳೆಯಲು ನೀರು ಬೇಕು, ಹಂಪಿಯೋ ಮಳೆ ಕಡಿಮೆಯ, ಬಿಸಿಲು ಸುಡುವ ನಾಡು. ಮಲೆನಾಡಿನಲ್ಲಿ ಆಗಬೇಕಾದ್ದು ಬಯಲುಸೀಮೆಯಲ್ಲಿ ಹೇಗಾಯಿತು? ಇದಕ್ಕೆ ಎರಡು ಉತ್ತರ. ಮೊದಲನೆಯದು, ಹಂಪಿ ಯಾವಾಗಲೂ ಈಗಿರುವ ಜಾಗದಲ್ಲೇ ಇರಲಿಲ್ಲ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್‌ನಿಂದ ಬೇರೆಯಾದ ಭಾರತ ಉತ್ತರಕ್ಕೆ ಸರಿಯುತ್ತ ಸಮಭಾಜಕ ವೃತ್ತವನ್ನು ದಾಟಿ ಬಂದಿದೆ. ಬಿಸಿಲು ಮಳೆ ಎರಡೂ ಧಾರಾಳವಾದ ಆ ಹಾದಿಯಲ್ಲಿ ಬಂಡೆ ಆಳವಾಗಿ ಕೊಳೆಯಲು ಬೇಕಾದಷ್ಟು ಕಾಲ ಸಿಕ್ಕಿತು. ಎರಡನೆಯದು ಇನ್ನೂ ಸೊಗಸಾದದ್ದು. ಬೋಳುಬಂಡೆಯ ಮೇಲೆ ಬಿದ್ದ ಮಳೆ ಗಳಿಗೆಯಲ್ಲಿ ಹರಿದುಹೋಗಿ ಮೈ ಒಣಗುತ್ತದೆ. ಮಣ್ಣಿನಡಿಯ ಬಂಡೆ ಮಾತ್ರ ತಿಂಗಳುಗಟ್ಟಲೆ ತೇವದಲ್ಲಿರುತ್ತದೆ. ಆದ್ದರಿಂದ ಹೂತ ಬಂಡೆ ಬೇಗ ಕೊಳೆಯುತ್ತದೆ, ಬಯಲಿಗೆ ಬಂದದ್ದು ಬಾಳುತ್ತದೆ. ಬಯಲುಸೀಮೆಯ ಒಣಹವೆ ಗುಂಡುಗಳನ್ನು ಮಾಡಲಿಲ್ಲ, ಆದ ಗುಂಡುಗಳನ್ನು ಕಾಪಿಟ್ಟಿತು.

ಹಾಗಾದರೆ ಒಂದೇ ಗ್ರಾನೈಟಿನಲ್ಲಿ ಸಾವನದುರ್ಗ ಬಿರುಕಿಲ್ಲದ ಗುಮ್ಮಟವಾಗಿ, ಹಂಪಿ ಗುಂಡುಗಳ ರಾಶಿಯಾಗಿ, ನಡುವಿನ ನೆಲ ಬರೀ ಹೊಲವಾಗಿ ಏಕಿದೆ? ಉತ್ತರ ಸೀಳುಗಳ ಲೆಕ್ಕದಲ್ಲಿದೆ. ಸೀಳು ದಟ್ಟವಾಗಿದ್ದಲ್ಲಿ ಇಟ್ಟಿಗೆಗಳು ಚಿಕ್ಕವು, ಎಲ್ಲವೂ ಕೊಳೆತು ಬಯಲಾಯಿತು. ಕೆಲವು ಮೀಟರಿಗೊಂದರಂತೆ ಇದ್ದಲ್ಲಿ ಗುಂಡುಗಳು ಉಳಿದವು. ಸೀಳೇ ಇಲ್ಲದ ಕಡೆ ನೀರಿಗೆ ಒಳದಾರಿ ಸಿಗದೆ ಇಡೀ ಬಂಡೆ ಗುಮ್ಮಟವಾಗಿ ನಿಂತಿತು. ಪೂರ್ವ ಆಫ್ರಿಕಾದ ಬಯಲುಗಳಲ್ಲಿ ಇಂಥ ಗುಮ್ಮಟಗಳನ್ನು ಕಂಡ ಜರ್ಮನಿಯ ವಿಲ್ಹೆಲ್ಮ್ ಬೋರ್ನ್‌ಹಾರ್ಟ್ 1900ರಲ್ಲಿ ಅವಕ್ಕೆ ‘ದ್ವೀಪಬೆಟ್ಟ’ ಎಂಬ ಅರ್ಥದ ಹೆಸರು ಕೊಟ್ಟ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಸಾವನದುರ್ಗವನ್ನು ಏಷ್ಯಾದ ಅತಿ ದೊಡ್ಡ ಏಕಶಿಲೆಗಳಲ್ಲಿ ಒಂದೆಂದು ಫಲಕಗಳು ಸಾರುತ್ತವೆ. ಅದು ಕಲ್ಲಿನ ತುಂಡಲ್ಲ, ಅದರ ಬುಡ ನೆಲದ ಬಂಡೆಗೆ ಸೇರಿಕೊಂಡಿದೆ. ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದೇ ಹೇಳಲಾಗದ ವಸ್ತುವಿಗೆ ಸ್ಪರ್ಧೆ ಏಕೆ? ಅದಕ್ಕಿಂತ ನೋಡತಕ್ಕದ್ದು ಅದರ ಮೈಯಿಂದ ಹಪ್ಪಳದಂತೆ ಏಳುವ ಬಾಗಿದ ಚಪ್ಪಡಿಗಳು. ಹೊರೆ ಇಳಿದ ಬಂಡೆ ಹೊರಮುಖವಾಗಿ ಹಿಗ್ಗಿ ಹೀಗೆ ಪದರಪದರವಾಗಿ ಬಿಡುತ್ತದೆ ಎಂದು ಅಮೆರಿಕದ ಜಿ. ಕೆ. ಗಿಲ್ಬರ್ಟ್ 1904ರಲ್ಲಿ ವಿವರಿಸಿದ. ಬೆಂಗಳೂರಿನ ಕಲ್ಲುಕುಟಿಗರಿಗೆ ಬಂಡೆಯ ಈ ಗುಣ ಅದಕ್ಕೂ ಮೊದಲೇ ಕೈಗೆ ಗೊತ್ತಿತ್ತು. ಹಾಸುಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹಚ್ಚಿ, ಬೆಂಕಿಯನ್ನು ಮೆಲ್ಲಗೆ ಮುಂದೆ ಸರಿಸುತ್ತ, ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ, ತೆಳುವಾದ ಅಗಲ ಚಪ್ಪಡಿಗಳನ್ನು ಅವರು ಎಬ್ಬಿಸುತ್ತಿದ್ದರು.

ಇಷ್ಟಾದ ಮೇಲೆ ಬೆಟ್ಟದ ವಯಸ್ಸನ್ನು ಒಂದೇ ಸಂಖ್ಯೆಯಲ್ಲಿ ಕೇಳುವವರಿಗೆ ನಿರಾಸೆಯಾಗಬಹುದು. ಸೀಳುಗಳದ್ದು ಒಂದು ವಯಸ್ಸು, ಕೊಳೆತದ್ದು ಇನ್ನೊಂದು, ಗುಂಡು ಬಿಸಿಲು ಕಂಡದ್ದು ಮತ್ತೊಂದು. ಕೊನೆಯದನ್ನು ಅಳೆಯುವ ಉಪಾಯವೂ ಇದೆ: ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಬಂಡೆಯ ಮೇಲ್ಪದರದ ಬೆಣಚಿನಲ್ಲಿ ಬೆರಿಲಿಯಂ-10 ಎಂಬ ಅಪರೂಪದ ಪರಮಾಣುಗಳನ್ನು ಕೂಡಿಸುತ್ತ ಹೋಗುತ್ತವೆ, ಅವನ್ನು ಎಣಿಸಿದರೆ ಆ ಮೈ ಎಷ್ಟು ಕಾಲದಿಂದ ಬಯಲಲ್ಲಿದೆ, ಎಷ್ಟು ವೇಗವಾಗಿ ಸವೆಯುತ್ತಿದೆ ಎಂಬುದು ತಿಳಿಯುತ್ತದೆ. ಐರ್ ಪರ್ಯಾಯದ್ವೀಪದ ಲೆಕ್ಕ ಸಿಕ್ಕಿದ್ದು ಹೀಗೆಯೇ. ನಮ್ಮಲ್ಲಿ 1950ರ ದಶಕದಲ್ಲಿ ಕ್ಲೋಸ್‌ಪೇಟೆ ಗ್ರಾನೈಟನ್ನು ಆಳವಾಗಿ ಅಧ್ಯಯನ ಮಾಡಿದ, 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಒಬ್ಬರಾದ ಬಿ. ಪಿ. ರಾಧಾಕೃಷ್ಣ 1993ರಲ್ಲಿ ಒಂದು ದಿಟ್ಟ ವಾದ ಮುಂದಿಟ್ಟರು. ಸುಮಾರು 2.3 ಕೋಟಿ ವರ್ಷದ ಹಿಂದೆ ಮೊದಲಾದ ನಿಯೋಜೀನ್ ಯುಗದಲ್ಲಿ ದಕ್ಷಿಣ ಭಾರತದ ನೆಲ ಮತ್ತೆ ಮೇಲೆದ್ದಿದೆ, ನಾವು ನೋಡುವ ಬೆಟ್ಟ-ಜಲಪಾತಗಳ ಚಹರೆ ಆ ಹೊಸ ಏರಿಕೆಯ ಫಲ ಎಂಬುದು ಅದರ ಸಾರ. ಅಷ್ಟೊಂದು ಹಳೆಯ ಕಲ್ಲಿನ ಮೇಲೆ ಇಡೀ ಬದುಕು ಕಳೆದವರೇ ಬೆಟ್ಟದ ರೂಪ ಹೊಸದು ಎಂದದ್ದನ್ನು ಪ್ರವಾಸಿ ಫಲಕ ಬರೆಯುವವರು ಕಿವಿಗೆ ಹಾಕಿಕೊಳ್ಳಬೇಕು.

ಆ ರೂಪ ಈಗಲೂ ಬದಲಾಗುತ್ತಿದೆ. ಹಂಪಿಯಿಂದ ಕಮಲಾಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದಕ್ಕೊಂದು ಒರಗಿ ನಿಂತ ಎರಡು ದೊಡ್ಡ ಬಂಡೆಗಳಿವೆ. ಊರನ್ನು ಹೀಗಳೆದು ಕಲ್ಲಾದ ಅಕ್ಕತಂಗಿಯರು ಅವರು ಎಂದು ಕಥೆ. ಅದರಲ್ಲಿ ಒಂದರ ಭಾಗ ಈಚಿನ ವರ್ಷಗಳಲ್ಲಿ ಒಡೆದು ಕೆಳಗೆ ಬಿದ್ದಿದೆ. ಒಡೆದ ಮುಖ ಇನ್ನೂ ಮಾಸಿಲ್ಲ. ಗುಲಾಬಿ ಫೆಲ್ಡ್‌ಸ್ಪಾರಿನ ಹರಳುಗಳು ಅಲ್ಲಿ ತಾಜಾ ಬಿಸಿಲಿಗೆ ಹೊಳೆಯುತ್ತವೆ. ಆ ಹರಳುಗಳು 250 ಕೋಟಿ ವರ್ಷ ಹಳೆಯವು, ಆ ಮುಖ ಕಾರಿನಲ್ಲಿ ಕೂತ ಮಗುವಿಗಿಂತ ತುಸು ದೊಡ್ಡದು.